ಬಣ್ಣದ ದುಂಡಪ್ಪನ ನಾಲಿಗೆ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ, ಗುಬ್ಬಿಹಳ್ಳದ ದಂಡೆಯ ಮೇಲೆ ಒಂದೂರಿತ್ತಂತೆ. ಊರಿನ ಹೆಸರು ಬಣ್ಣದಕೊಪ್ಪ. ಊರಿಗೆ ಊರೇ ಬಣ್ಣಗಾರರದು. ನೂಲಿಗೆ ನೀಲಿ ಏರಿಸುವುದು ಅವರ ಕಸುಬು. ಮನೆಮನೆಗೂ ನಾಲ್ಕು ಬಾನಿ. ಬಾನಿ ಎಂದರೆ ಕುತ್ತಿಗೆಯವರೆಗೆ ನೆಲದಲ್ಲಿ ಹೂತ, ಒಳಗೊಬ್ಬ ಆಳು ಕುಳಿತರೂ ಕಾಣದಷ್ಟು ದೊಡ್ಡ ಮಣ್ಣಿನ ಪಾತ್ರೆ.

ಆ ಊರಿನಲ್ಲಿ ದುಂಡಪ್ಪನಿದ್ದ. ಬಾನಿ ಹದಕ್ಕೆ ಬಂತೋ ಇಲ್ಲವೋ ಎಂದು ಬಣ್ಣಗಾರರು ಕಣ್ಣಿಂದ ನೋಡುವುದಿಲ್ಲ, ನಾಲಿಗೆಯಿಂದ ನೋಡುತ್ತಾರೆ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಉಗುಳುತ್ತಾರೆ. ದುಂಡಪ್ಪನ ನಾಲಿಗೆ ಸುತ್ತ ಹತ್ತೂರಿಗೆ ಹೆಸರುವಾಸಿ. ಒಮ್ಮೆ ಅವನ ಕಣ್ಣು ಕಟ್ಟಿ, ಹನ್ನೆರಡು ಮನೆಯ ನೂಲಿನ ಎಳೆ ಒಂದೊಂದಾಗಿ ಬಾಯಿಗಿಟ್ಟರಂತೆ. ಹನ್ನೆರಡು ಮನೆಯ ಹೆಸರನ್ನೂ ಹೇಳಿದನಂತೆ. ಕೊನೆಯ ಮನೆಯವರು ಆ ವಾರ ಸುಣ್ಣ ಕಡಿಮೆ ಹಾಕಿದ್ದನ್ನೂ ಹೇಳಿಬಿಟ್ಟನಂತೆ. ಹಾಗಂತಾರೆ.

ಎಲ್ಲರೂ ಬಾನಿಗೆ ನೀಲಿ, ಸುಣ್ಣ, ತಗಚೆ ಬೀಜದ ಕಷಾಯ ಹಾಕುತ್ತಿದ್ದರು. ದುಂಡಪ್ಪನ ಮನೆಯಲ್ಲಿ ಮಾತ್ರ ಅದರ ಮೇಲೆ ಒಂದು ಹಿಡಿ ಹುಣಸೆ ತೊಗಟೆಯ ಬೂದಿ ಬೀಳುತ್ತಿತ್ತು. ಅದು ಅವರ ಮನೆತನದ ಗುಟ್ಟು. ಸೀಮೆಯಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ. ಇದನ್ನು ನೆನಪಿಡಿ, ಕತೆ ಇದರ ಮೇಲೆಯೇ ನಿಂತಿದೆ.

ಬಾನಿಯ ಕಸುವು ತೀರಿದ ಮೇಲೆ ಆ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು. ಸುಮ್ಮನೆ ಬಿಡುತ್ತಿರಲಿಲ್ಲ. ಮನೆಯ ಹಿರಿ ಹೆಂಗಸು ಮೊದಲ ಕೊಡ ಎತ್ತಿ, ಅರಿಶಿನ ಕುಂಕುಮ ಹಾಕಿ, "ಗಂಗವ್ವಾ, ನಿನ್ನ ಪಾಲು" ಎಂದು ಸುರಿಯುತ್ತಿದ್ದಳು. ಹಳ್ಳ ನೀಲಿಯಾದಷ್ಟೂ ಊರು ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂಬುದು ಅವರ ಮಾತು. ನೀರು ಎಲ್ಲಿಗೆ ಹರಿಯುತ್ತದೆ ಎಂದು ಯಾರೂ ಕೇಳಲಿಲ್ಲ. ದುಂಡಪ್ಪನೂ ಕೇಳಲಿಲ್ಲ.

ಅವನಿಗೆ ಒಬ್ಬಳೇ ಮಗಳು, ಕಾಶವ್ವ. ಅವಳನ್ನು ಹಳ್ಳದ ಕೆಳಗೆ ಎರಡು ಹರದಾರಿ ದೂರದ ಮರಳದಿನ್ನಿಗೆ ಕೊಟ್ಟಿದ್ದ. ಮಗಳಿಗೆ ಮಗುವಾಗುವ ತನಕ ತಂದೆಯಾದವನು ಅವಳ ಮನೆಯಲ್ಲಿ ಹನಿ ನೀರು ಕುಡಿಯಬಾರದು ಎಂಬ ಕಟ್ಟು ಆ ಜನದಲ್ಲಿತ್ತು. ಕುಡಿಯಬಾರದ ಮೇಲೆ ಹೋಗುವುದೇಕೆ? ದುಂಡಪ್ಪ ಹೋಗಲಿಲ್ಲ. ಐದು ವರ್ಷ ಹೋಗಲಿಲ್ಲ. ಐದನೆಯ ವರ್ಷ ಹೆಣ್ಣುಮಗು ಹುಟ್ಟಿತೆಂದು ಸುದ್ದಿ ಬಂತು. ತೊಟ್ಟಿಲ ದಿನ ದುಂಡಪ್ಪ ಹೊಸ ರುಮಾಲು ಸುತ್ತಿಕೊಂಡು, ಹೆಂಡತಿ ಗುರವ್ವನನ್ನು ಕರೆದುಕೊಂಡು, ಗಾಡಿ ಹೂಡಿದ.

ಮಗಳ ಅತ್ತೆ ಫಕೀರವ್ವ ಬಾಯಿ ಜೋರಿನ ಹೆಂಗಸು. ಬಾಗಿಲಲ್ಲೇ ತಂಬಿಗೆ ಹಿಡಿದು ನಿಂತಿದ್ದಳು. "ಬರ್ರಿ ಬೀಗರ, ಐದು ವರ್ಷದ ಬಾಯಾರಿಕೆ ಅದ ನಿಮಗ. ಒಂದ ತಂಬಿಗಿ ಸಾಲತೈತೋ ಇಲ್ಲೋ!" ಎಂದಳು. ಎಲ್ಲರೂ ನಕ್ಕರು. ದುಂಡಪ್ಪನೂ ನಕ್ಕು ತಂಬಿಗೆ ಎತ್ತಿದ.

ಮೊದಲ ಗುಟುಕಿಗೆ ನಗು ನಿಂತಿತು.

ನಾಲಿಗೆಯ ಮೇಲೆ ಮೊದಲು ಸುಣ್ಣದ ಚುರುಕು. ಆಮೇಲೆ ತಗಚೆಯ ಒಗರು. ಕೊನೆಗೆ, ತುದಿಯಲ್ಲಿ, ಹುಣಸೆ ತೊಗಟೆ ಬೂದಿಯ ಉಪ್ಪು. ಅವನ ಬಾನಿ. ಅವನ ಮನೆಯ ಮೂರನೇ ಬಾನಿ, ನಿನ್ನೆ ಬೆಳಿಗ್ಗೆ ಅವನೇ ಎದುರು ನಿಂತು ಬಿಡಿಸಿದ್ದು. ಅದನ್ನೇ ಬೆಳ್ಳಿ ತಂಬಿಗೆಯಲ್ಲಿ ತುಂಬಿ ಕೈಗಿತ್ತಿದ್ದರು.

ದುಂಡಪ್ಪ ತಂಬಿಗೆ ಕೆಳಗಿಳಿಸಿದ. ನುಂಗುವ ಹಾಗಿಲ್ಲ, ಬೀಗರ ಮುಂದೆ ಉಗುಳುವ ಹಾಗಿಲ್ಲ. ನುಂಗಿದ. ಈ ನೀರು ಎಲ್ಲಿಯದು ಎಂದು ಕೇಳಿದ.

"ಹಳ್ಳದ್ದರೀ. ಮತ್ತೆಲ್ಲೀದು? ಬಾವಿ ತೋಡಿದರ ಸವಳು," ಎಂದಳು ಫಕೀರವ್ವ. "ಇದ ಕುಡದ ಬೆಳದಾರ ನಮ್ಮ ಮಂದಿ. ಬೆಳೀಲಾರದವರೂ ಅದಾರ. ನಿಮ್ಮ ಮಗಳ ಮೊದಲ ಎರಡೂ ಬಸರು ನಿಲ್ಲಲಿಲ್ಲ. ಹೇಳಿಲ್ಲೇನು ಆಕಿ?"

ಹೇಳಿರಲಿಲ್ಲ. ತವರಿಗೆ ಕೆಟ್ಟ ಸುದ್ದಿ ಕಳಿಸಬಾರದೆಂದು ಅವಳು ಸುಮ್ಮನಿದ್ದಳು. ದುಂಡಪ್ಪ ಮಗಳ ಮುಖ ನೋಡಿದ. ಮಗಳು ತೊಟ್ಟಿಲು ನೋಡಿದಳು. ಅವಳ ಉಗುರುಗಳ ಬುಡದಲ್ಲಿ ನೀಲಿಯಿತ್ತು. ಅವಳು ಮದುವೆಯಾದಾಗಿನಿಂದ ಬಾನಿ ಮುಟ್ಟಿದವಳಲ್ಲ.

ಆ ಎರಡು ಹೋದದ್ದು ನೀರಿನಿಂದಲೇ ಎಂದು ಹೇಳಲು ಯಾವ ವೈದ್ಯನೂ ಅಲ್ಲಿರಲಿಲ್ಲ. ನಾನೂ ಹೇಳುವುದಿಲ್ಲ. ಆದರೆ ದುಂಡಪ್ಪನಿಗೆ ವೈದ್ಯ ಬೇಕಿರಲಿಲ್ಲ. ಮಗುವಿಗೆ ಅನ್ನ ಮುಟ್ಟಿಸುವುದು, ಮೊದಲ ನೀರು ಕುಡಿಸುವುದು ಯಾವಾಗ ಎಂದು ಕೇಳಿದ. ಆರನೇ ತಿಂಗಳು ಎಂದರು. ಆರನೇ ತಿಂಗಳು ಬರುವುದರೊಳಗೆ ಈ ತಂಬಿಗೆಯಲ್ಲಿ ಬರೀ ನೀರಿರಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡು, ಊಟವನ್ನೂ ಮಾಡದೆ ಗಾಡಿ ಹತ್ತಿದ.

ಊರಿಗೆ ಬಂದು ನಾಲ್ಕೂ ಬಾನಿಗೆ ಮುಚ್ಚಳ ಹಾಕಿದ. ಊರವರು ಕೂಡಿದರು. ದುಂಡಪ್ಪ ನಡೆದದ್ದನ್ನು ಹೇಳಿದ. ಕೆಲವರು ತಲೆ ತಗ್ಗಿಸಿದರು. ಕೆಲವರು, ಬಾನಿ ಮುಚ್ಚಿ ಮಣ್ಣು ತಿನ್ನೋಣವೇ ಎಂದರು. ಒಬ್ಬ, "ಮಾವಾ, ನಿನ್ನ ನಾಲಿಗಿ ಕೊಯ್ಸು, ಎಲ್ಲಾ ಸರಿ ಹೋಗ್ತದ" ಎಂದನಂತೆ.

ದುಂಡಪ್ಪ ಹದಿನೈದು ದಿನ ಮುಚ್ಚಿದ ಬಾನಿಗಳ ಮುಂದೆ ಕುಳಿತ. ಅವನ ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠ ಒಂದೇ: ಬಾನಿಗೆ ಗಾಳಿ ತಾಕಿಸಬೇಡ. ಗಾಳಿ ಬಡಿದರೆ ನೀಲಿಯು ನೀರನ್ನು ಬಿಟ್ಟು ತಳ ಹಿಡಿಯುತ್ತದೆ, ಬಾನಿ ಹಾಳು. ಅದಕ್ಕೇ ಬಣ್ಣದ ಮನೆಗಳಿಗೆ ಕಿಟಕಿಯಿಲ್ಲ. ಹುಟ್ಟಿದಾಗಿನಿಂದ ದುಂಡಪ್ಪ ಗಾಳಿ ಕಳ್ಳನ ಹಾಗೆ ಒಳನುಗ್ಗದಂತೆ ಕಾದಿದ್ದ. ಹದಿನಾರನೇ ದಿನ ಎದ್ದು ನಿಂತನಂತೆ. ನೀಲಿಯು ನೀರನ್ನು ಬಿಡಬೇಕು, ತಳ ಹಿಡಿಯಬೇಕು. ತನಗೆ ಬೇಕಾದದ್ದು ಅದೇ ಅಲ್ಲವೇ? ಆ ಕಳ್ಳನನ್ನೇ ಕೂಗಿ ಕರೆದರೆ?

ಹಳ್ಳಕ್ಕೂ ಊರಿಗೂ ನಡುವೆ, ಒಂದರಿಂದೊಂದಕ್ಕೆ ನೀರು ಹರಿಯುವಂತೆ, ಮೂರು ಹೊಂಡ ತೋಡಿದ. ಮೊದಲ ಹೊಂಡದ ಮೇಲೆ ಒಂದು ಗಾಳಿಚಕ್ರ ನಿಲ್ಲಿಸಿದ. ಚಕ್ರಕ್ಕೆ ಪಟವಾಗಿ ಕಟ್ಟಿದ್ದು ತನ್ನದೇ ನೀಲಿ ಬಟ್ಟೆ. ಗಾಳಿ ಬೀಸಿದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಹಲಗೆಗಳು ನೀರನ್ನು ಬಡಿಯುತ್ತವೆ, ನೀರು ನೊರೆಗಟ್ಟುತ್ತದೆ, ನೀಲಿ ಕೆಸರಾಗಿ ತಳಕ್ಕಿಳಿಯುತ್ತದೆ. ಎರಡನೇ ಹೊಂಡದಲ್ಲಿ ಮರಳು, ಇದ್ದಿಲು. ಮೂರನೆಯದರಲ್ಲಿ ಕೆರೆಯಂಗಳದಿಂದ ಕಿತ್ತು ತಂದು ನೆಟ್ಟ ಆಪಿನ ಹುಲ್ಲು, ಆಳೆತ್ತರ. ಜನ ದಂಡೆಗೆ ಬಂದು ನಿಂತು, "ನೀರಿಗೂ ನೀರು ಹಾಕಿ ಮೈ ತೊಳೀತಾನ!" ಎಂದು ಕೇಕೆ ಹಾಕಿದರಂತೆ.

ಮೊದಲ ಹೊಂಡದ ತಳದ ಕೆಸರನ್ನು ಅವನು ಒಣಗಿಸಿ ತಂದು ಮತ್ತೆ ಬಾನಿಗೆ ಹಾಕಿದ. ನೂಲು ನೀಲಿಯಾಗಿಯೇ ಎದ್ದಿತು. ಆಗ ಕೇಕೆ ನಿಂತಿತು. ಇಷ್ಟು ವರ್ಷ ಎಷ್ಟು ಬಣ್ಣವನ್ನು ನಮ್ಮ ಕೈಯಿಂದಲೇ ಮರಳದಿನ್ನಿಯವರ ಹೊಟ್ಟೆಗೆ ಸುರಿದೆವು ಎಂದು ಜನ ಬಾಯಿಯ ಮೇಲೆ ಕೈಯಿಟ್ಟರು. ಒಬ್ಬೊಬ್ಬರಾಗಿ ತಮ್ಮ ಬಾನಿಯ ಕಾಲುವೆಯನ್ನೂ ಹೊಂಡಕ್ಕೆ ತಿರುಗಿಸಿದರು. ನಾಲ್ಕನೇ ತಿಂಗಳಿಗೆ ಹಳ್ಳದ ತಳದ ಕಲ್ಲು ಕಂಡವು. ಕಲ್ಲುಗಳೂ ನೀಲಿಯಾಗಿದ್ದವು ಅಂತಾರೆ.

ಆರನೇ ತಿಂಗಳು ಬಂತು. ಅನ್ನ ಮುಟ್ಟಿಸುವ ದಿನ ದುಂಡಪ್ಪ ನಸುಕಿನಲ್ಲೇ ಹೊರಟ. ಗುರವ್ವ ಮನೆಯ ಕೆಲಸ ಮುಗಿಸಿ ಹಿಂದಿನ ಗಾಡಿಗೆ ಬಂದಳು. ಮಗು ತಾಯಿಯ ತೊಡೆಯ ಮೇಲೆ ಕುಳಿತಿತ್ತು, ಬೆಳ್ಳಿ ಬಟ್ಟಲು ಸಿದ್ಧವಾಗಿತ್ತು. ಮೊದಲು ನಾನು ಎಂದು ದುಂಡಪ್ಪ ತಂಬಿಗೆ ಎತ್ತಿದ.

ಸುಣ್ಣವಿಲ್ಲ. ಒಗರಿಲ್ಲ. ಅವನ ಕಣ್ಣು ತುಂಬಿ ಬಂತು. ಆಮೇಲೆ, ತುದಿಯಲ್ಲಿ, ಕೂದಲೆಳೆಯಷ್ಟು, ಬೂದಿಯ ಉಪ್ಪು.

ಅವನು ತಂಬಿಗೆಯನ್ನು ಕೆಳಗಿಟ್ಟ. ನಿನ್ನೆ ನಮ್ಮ ಬಾನಿಯದು ಒಂದು ಕೊಡ ಹಳ್ಳಕ್ಕೆ ಬಿದ್ದಿದೆ ಎಂದ.

"ಬಿಡ್ರೀ ಬೀಗರ," ಎಂದಳು ಫಕೀರವ್ವ. ಅವಳ ದನಿಯಲ್ಲಿ ಈ ಸಲ ತಮಾಷೆಯಿರಲಿಲ್ಲ. "ನಮಗ ಇದ ಅಮೃತ. ಇಷ್ಟ ಸಾಕು."

"ಸಾಕು ಅನ್ನೂ ನೀರಲ್ಲವ್ವಾ ಕೂಸಿಗಿ ಕುಡಸೂದು," ಎಂದ ದುಂಡಪ್ಪ. ಮನೆಯವರಲ್ಲಿ, ಆಳುಗಳಲ್ಲಿ ಯಾರು ಸುರಿದಿರಬಹುದು ಎಂದು ಒಂದೊಂದೇ ಹೆಸರು ನೆನೆಯುತ್ತಾ ಕಣ್ಣೆತ್ತಿದ. ಬಾಗಿಲಲ್ಲಿ ಗುರವ್ವನ ಮುಖ ಬಿಳಿಚಿತ್ತು.

ನಿನ್ನೆ ಒಂದು ಬಾನಿಯ ಕಸುವು ತೀರಿತ್ತು. ನೀರೆಲ್ಲ ಹೊಂಡಕ್ಕೇ ಹೋಗಿತ್ತು. ಆದರೆ ಗಂಗವ್ವನ ಪಾಲು? ಮೊಮ್ಮಗಳ ಶುಭಕಾರ್ಯ, ಗಂಗವ್ವ ಮುನಿದರೆ ಹೇಗೆ? ಅತ್ತೆಯಿಂದ ಬಂದ ಪದ್ಧತಿ ಎಂದು, ಯಾರಿಗೂ ಹೇಳದೆ, ಅರಿಶಿನ ಕುಂಕುಮ ಹಾಕಿ...

"ಒಂದ ಕೊಡ," ಎಂದಳು ಗುರವ್ವ. "ಒಂದ ಒಂದ ಕೊಡ. ದೇವರಿಗಿ."

ದುಂಡಪ್ಪ ಬಯ್ಯಲಿಲ್ಲ. ತಂಬಿಗೆಯನ್ನು ಅವಳ ಕಡೆ ಸರಿಸಿದ. ದೇವರಿಗೆ ಕೊಟ್ಟದ್ದನ್ನು ನೀನು ಮೊದಲು ಕುಡಿ ಎಂದ, ಅಷ್ಟೇ. ಗುರವ್ವ ತಂಬಿಗೆ ಎತ್ತಿದಳು, ತುಟಿಯವರೆಗೆ ತಂದಳು, ತಾಯಿಯ ತೊಡೆಯ ಮೇಲಿದ್ದ ಮಗುವನ್ನು ನೋಡಿದಳು. ಅವಳಿಗೆ ಕುಡಿಯಲಾಗಲಿಲ್ಲ. ಗಂಗವ್ವನಿಗೆ ನಾನು ಇಷ್ಟು ದಿನ ಏನು ಕುಡಿಸಿದೆ ಎಂದು ನೆಲಕ್ಕೆ ಕುಸಿದಳು.

ಆ ದಿನ ಮಗುವಿಗೆ ಹಾಲಿನಲ್ಲಿ ಕಲಸಿದ ಅನ್ನ ಮುಟ್ಟಿಸಿದರು. ನೀರು ಕುಡಿಸಲಿಲ್ಲ. ಮರುದಿನದಿಂದ ಒಂದು ತಿಂಗಳು ಗುರವ್ವ ಬಣ್ಣದಕೊಪ್ಪಕ್ಕೂ ಮೇಲೆ, ನೆಲದಿಂದ ನೀರು ಉಕ್ಕುವ ಊಟೆಯಿಂದ ಕೊಡ ತುಂಬಿ, ತಲೆಯ ಮೇಲೆ ಹೊತ್ತು, ದಿನಾ ಎರಡು ಹರದಾರಿ ನಡೆದು ಮಗಳಿಗೂ ಮೊಮ್ಮಗಳಿಗೂ ಕುಡಿಯುವ ನೀರು ತಂದಳಂತೆ. ಗಾಡಿ ಹತ್ತು ಎಂದರೆ ಹತ್ತಲಿಲ್ಲವಂತೆ. ತಿಂಗಳು ತುಂಬಿದ ದಿನ ದುಂಡಪ್ಪ ಮತ್ತೆ ಮರಳದಿನ್ನಿಗೆ ಹೋಗಿ ಹಳ್ಳದ ನೀರನ್ನು ಬಾಯಿಗಿಟ್ಟ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ಫಕೀರವ್ವ ತಡೆಯಲಾರದೆ, "ಏನರೆ ಅನ್ರೀ ಬೀಗರ, ಜೀವ ಹೊಂಟೈತಿ!" ಎಂದಳು.

"ಏನೂ ಇಲ್ಲ," ಎಂದ ದುಂಡಪ್ಪ. "ಬರೀ ನೀರೈತಿ." ಹಾಗೆಂದು, ಎಲ್ಲರೆದುರು ಮಗುವಿನ ಹಾಗೆ ಅತ್ತನಂತೆ.

ದುಂಡಪ್ಪ ಹೋಗಿ ಎಷ್ಟೋ ಕಾಲವಾಯಿತು. ಅವನ ಗಾಳಿಚಕ್ರದ ಕಂಬ ಮೂರು ಸಲ ಮುರಿದು ಮೂರು ಸಲ ನಿಂತಿದೆ. ಇವತ್ತಿಗೂ ಅಲ್ಲಿ ಬಾನಿ ಬಿಡುವ ದಿನ ಗಂಗವ್ವನ ಪೂಜೆ ನಡೆಯುತ್ತದೆ, ಆದರೆ ಕೊಡವನ್ನು ಹಳ್ಳಕ್ಕೆ ಸುರಿಯುವುದಿಲ್ಲ. ಮನೆಯ ಹಿರಿ ಹೆಂಗಸು ಮೂರನೇ ಹೊಂಡದಿಂದ ಒಂದು ಬಟ್ಟಲು ನೀರು ಎತ್ತಿ ತಾನು ಕುಡಿಯುತ್ತಾಳೆ. ಅವಳು ಕುಡಿದ ಮೇಲೆಯೇ ಹೊಂಡದಿಂದ ಹಳ್ಳಕ್ಕೆ ನೀರು ಬಿಡುವ ಕಂಡಿ ತೆರೆಯುತ್ತಾರೆ.

ಹಳೆಯ ಕಟ್ಟು ಕೂಡ ಹೋಯಿತು. ಬಣ್ಣದಕೊಪ್ಪದವರು ಈಗ ಹೆಣ್ಣು ಕೊಡುವ ಮೊದಲು ಬೀಗರ ಮನೆಯ ಹೊಲ ನೋಡುವುದಿಲ್ಲ, ದನ ನೋಡುವುದಿಲ್ಲ. ತಂದೆಯಾದವನು ಒಬ್ಬನೇ ಆ ಊರಿಗೆ ಹೋಗುತ್ತಾನೆ, ಒಂದು ತಂಬಿಗೆ ನೀರು ಕೇಳುತ್ತಾನೆ, ಕಣ್ಣು ಮುಚ್ಚಿ ಬಹಳ ಹೊತ್ತು ಬಾಯಲ್ಲಿಟ್ಟುಕೊಳ್ಳುತ್ತಾನೆ. ಎದುರಿಗಿದ್ದವರು ಕಾಯುತ್ತಾರೆ. ಅವನು ನುಂಗಿದರೆ ಮದುವೆ.