ಮಾನಪ್ಪ ಕಟ್ಟಿದ ವಿಮಾನ

"ಗುರುಗಳೇ, ಒಂದು ಮಾತು ಕೇಳಬೇಕು," ಎಂದ ಶಿಷ್ಯ ಪರ್ವತಯ್ಯ. "ನಾನು ಮಠಕ್ಕೆ ಬಂದು ಮೂರು ವರ್ಷವಾಯಿತು. ದಿನವೂ ಸಂಜೆ ನಿಮ್ಮೆದುರು ಕುಳಿತು, ಆ ದಿನ ಏನು ಮಾಡಿದೆ ಎಂದು ಹೇಳುತ್ತೇನೆ. ನೀವು ಕೇಳುತ್ತೀರಿ. ತಪ್ಪು ಎನ್ನುವುದಿಲ್ಲ, ಸರಿ ಎನ್ನುವುದಿಲ್ಲ. ಎದ್ದು ಹೋಗುತ್ತೀರಿ. ಮಾಡಿದ್ದು ನನಗೆ ಗೊತ್ತೇ ಇದೆ. ಅದನ್ನು ಇನ್ನೊಬ್ಬರಿಗೆ ಹೇಳುವುದರಿಂದ ಏನಾಗುತ್ತದೆ?"

ಗುರುಗಳು ಮಠದ ಕಟ್ಟೆಯ ಮೇಲೆ ಕುಳಿತಿದ್ದರು. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. "ಕುಳಿತುಕೋ. ಒಬ್ಬ ತಗಡಿನ ಕೆಲಸಗಾರನ ಕತೆ ಹೇಳುತ್ತೇನೆ," ಎಂದರು.

ಒಂದು ಊರಿನಲ್ಲಿ ಮಾನಪ್ಪನೆಂಬ ತಗಡಿನ ಕೆಲಸಗಾರನಿದ್ದ. ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಅಲ್ಯುಮಿನಿಯಂ ತಗಡು ಅವನು ಹೇಳಿದ ಹಾಗೆ ಕೇಳುತ್ತಿತ್ತು. ಊರಾಚೆ ಹಳೆಯ ಕಾಲದ ವಿಮಾನದ ಬಯಲೊಂದಿತ್ತು. ಅಲ್ಲಿ ವಿಮಾನ ಇಳಿಯುವುದು ನಿಂತು ಎಷ್ಟೋ ವರ್ಷವಾಗಿತ್ತು. ಒಂದು ದಿನ ಬಾಲದ ತಗಡು ಹರಿದ ಪುಟ್ಟ ವಿಮಾನವೊಂದು ಬೇರೆ ದಾರಿಯಿಲ್ಲದೆ ಅಲ್ಲಿಳಿಯಿತು. ಯಾರೋ ಬಂದು ಮಾನಪ್ಪನನ್ನು ಕರೆದೊಯ್ದರು. ಅವನು ಹರಿದ ಕಡೆ ತೇಪೆಯಿಟ್ಟು, ತಗಡು ಕೂಡಿಸುವ ರಿವಿಟ್ ಮೊಳೆ ಹೊಡೆದುಕೊಟ್ಟ. ವಿಮಾನ ಮೇಲಕ್ಕೆದ್ದು ಹೋಯಿತು. ಅದು ಚುಕ್ಕಿಯಾಗುವ ತನಕ ಅವನು ಬಯಲಿನಲ್ಲಿ ನಿಂತು ನೋಡಿದ. ತಾನು ಕೂಡಿಸಿದ ತಗಡು ಈಗ ಆಕಾಶದಲ್ಲಿದೆ ಎಂಬುದು ಅವನ ತಲೆಯಿಂದ ಹೋಗಲೇ ಇಲ್ಲ.

ಮನೆಗೆ ಬಂದು ಹೆಂಡತಿ ನೀಲವ್ವನಿಗೆ, "ನಾನೂ ಒಂದು ಕಟ್ಟತೀನಿ," ಎಂದ. ಮಕ್ಕಳಿಲ್ಲದ ಮನೆ. ನೀಲವ್ವ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಮಾರನೆಯ ದಿನ ಹಿತ್ತಲಿನ ಕೊಟ್ಟಿಗೆಯನ್ನು ಗುಡಿಸಿ ಖಾಲಿ ಮಾಡಿಕೊಟ್ಟಳು.

ಮಾನಪ್ಪ ನಕಾಶೆ ತರಿಸಿದ. ಬಸ್ಸಿನ ಕೆಲಸವೇ ಬೇರೆ, ವಿಮಾನದ ಕೆಲಸವೇ ಬೇರೆ ಎಂದು ಬೇಗ ತಿಳಿಯಿತು. ಬಸ್ಸಿನ ತಗಡಿಗೆ ಮೊಳೆಯಿಂದ ಗೀರಿ ಗುರುತು ಮಾಡಿದರೆ ನಡೆಯುತ್ತದೆ. ವಿಮಾನದ ತಗಡಿನ ಮಡಿಕೆಯಲ್ಲಿ ಗೀರು ಬಿದ್ದರೆ, ಎಂಜಿನ್ನಿನ ನಡುಕಕ್ಕೆ ಒಂದು ದಿನ ಅಲ್ಲಿಂದಲೇ ಸೀಳುತ್ತದೆ. ಅದಕ್ಕೆ ಅವನು ಬಣ್ಣದ ಪೆನ್ನಿನಿಂದ ಗೆರೆ ಎಳೆದ. ಚೂಪು ಅಂಚಿನ ಮೇಲೆ ಮಡಿಸಿದರೆ ತಗಡು ಬಿರಿಯುತ್ತದೆ. ಅದಕ್ಕೆ ಅಂಚನ್ನು ದುಂಡಗೆ ಹೆರೆದ ಮರದ ತುಂಡಿನ ಮೇಲೆ ನಿಧಾನವಾಗಿ ಬಗ್ಗಿಸಿದ. ತೂತು ಕೊರೆದ ಮೇಲೆ ಅದರ ಅಂಚನ್ನು ಎರಡೂ ಕಡೆ ಕೆರೆದು ನಯ ಮಾಡಿದ. ಅಂಥ ತೂತುಗಳು ಸಾವಿರಾರು. ಒಂದನ್ನೂ ಬಿಡಲಿಲ್ಲ.

ರಿವಿಟ್ ಹೊಡೆಯುವುದಕ್ಕೆ ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಹೊಡೆಯಬೇಕು. ಒಳಗಿನಿಂದ ಇನ್ನೊಬ್ಬರು ರಿವಿಟ್ಟಿನ ತುದಿಗೆ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಮಾನಪ್ಪ ಹೊರಗೆ, ನೀಲವ್ವ ಒಳಗೆ. ಅವಳು ತೆಳ್ಳಗಿದ್ದಳು, ರೆಕ್ಕೆಯ ಗೂಡಿನೊಳಗೆ ತೋಳು ಭುಜದ ತನಕ ಹೋಗುತ್ತಿತ್ತು. ನಡುವೆ ತಗಡು ಇದ್ದುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ರಿವಿಟ್ ಸರಿಯಾಗಿ ಕೂತರೆ ಅವಳು ಒಂದು ಸಲ ತಟ್ಟುತ್ತಿದ್ದಳು. ಕೂರದಿದ್ದರೆ ಎರಡು ಸಲ.

ಸಂಜೆ ನೀಲವ್ವ ರೊಟ್ಟಿ ಬಡಿಯುವಾಗ ಮಾನಪ್ಪ ಒಲೆಯ ಬಳಿ ಕುಳಿತು ಆ ದಿನದ ಕೆಲಸವನ್ನೆಲ್ಲ ಹೇಳುತ್ತಿದ್ದ. ಅವಳಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೂ ಹೂಂ ಎನ್ನುತ್ತಿದ್ದಳು. ಒಂದು ಸಂಜೆ ಅವನು, "ಎಡಗಡೆ ಚಕ್ರದ ನಟ್ಟು ಬಿಗಿ ಮಾಡಿದೆ, ಬಿಚ್ಚಬಾರದಂತ ತಂತಿ ಹಾಕಿ ಕಟ್ಟಿದೆ, ಬಲಗಡೆದು..." ಎಂದವನು ಅಲ್ಲಿಗೇ ಮಾತು ನಿಲ್ಲಿಸಿದ. ತಟ್ಟೆ ಬಿಟ್ಟು ಎದ್ದು ಕೊಟ್ಟಿಗೆಗೆ ಹೋದ. ಬಲಗಡೆಯ ನಟ್ಟಿಗೆ ತಂತಿ ಹಾಕಿರಲಿಲ್ಲ.

ತಿರುಗಿ ಬಂದು, "ನೀ ಕೇಳಿದ್ದು ಛಲೋ ಆತು," ಎಂದ.

"ನಾ ಏನೂ ಕೇಳೇ ಇಲ್ಲಲ್ಲ," ಎಂದಳು ನೀಲವ್ವ.

ಐದನೆಯ ವರ್ಷ ನೀಲವ್ವನಿಗೆ ಕಾಮಾಲೆಯಾಯಿತು. ಹದಿನೆಂಟು ದಿನ ಹಾಸಿಗೆಯಲ್ಲಿದ್ದಳು. ಹತ್ತೊಂಬತ್ತನೆಯ ದಿನ ಹೋದಳು.

ಮಾನಪ್ಪ ಮೂರು ತಿಂಗಳು ಕೊಟ್ಟಿಗೆಯ ಬಾಗಿಲು ತೆರೆಯಲಿಲ್ಲ. ತೆರೆದ ಮೇಲೆ ಮತ್ತೆ ಮುಚ್ಚಲಿಲ್ಲ. ಬಸ್ಸಿನ ಕೆಲಸ ಬಿಟ್ಟು ಬೆಳಗಿನಿಂದ ಸಂಜೆಯ ತನಕ ಅಲ್ಲೇ ಇರತೊಡಗಿದ. ಜೊತೆಯಲ್ಲಿ ಬಸ್ಸು ಕಟ್ಟುತ್ತಿದ್ದ ಹುಸೇನಸಾಬ ಎರಡು ಸಲ ಮನೆಗೆ ಬಂದು, ಒಳಗಿನಿಂದ ಗಟ್ಟಿ ಹಿಡಿಯಲು ತಾನು ಬರುತ್ತೇನೆ ಎಂದ. ಮುಗಿದ ಮೇಲೆ ಹೇಳಿ ಕಳಿಸುತ್ತೇನೆ ಎಂದು ಮಾನಪ್ಪ ಅವನನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ. ಹುಸೇನಸಾಬ ಒಳ್ಳೆಯವನು. ಒಳಗೆ ಬಂದರೆ ನೀಲವ್ವನ ಮಾತು ತೆಗೆಯುತ್ತಾನೆ ಎಂಬುದೇ ಮಾನಪ್ಪನ ಅಂಜಿಕೆ.

ಒಂದೇ ಕಡೆಯಿಂದ ಎಳೆದು ಕೂರಿಸುವ ಬೇರೆ ಜಾತಿಯ ರಿವಿಟ್ ಸಿಗುತ್ತದೆ. ಅದಕ್ಕೆ ಆಚೆ ಬದಿಯಲ್ಲಿ ಯಾರೂ ಬೇಕಿಲ್ಲ. ಉಳಿದ ಕೆಲಸಕ್ಕೆಲ್ಲ ಮಾನಪ್ಪ ಅದನ್ನೇ ತಂದ. ಊಟವನ್ನು ಒಲೆಯ ಮುಂದೆ ನಿಂತುಕೊಂಡೇ ಮುಗಿಸುತ್ತಿದ್ದ. ಮಾಡಿದ ಕೆಲಸವನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಗುರುತು ಹಾಕುತ್ತಿದ್ದ. ಬಿಟ್ಟ ಕೆಲಸ ಅದರಲ್ಲಿ ಬರುತ್ತಿರಲಿಲ್ಲ. ವಾರಗಟ್ಟಲೆ ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಒಮ್ಮೆ ದಾರಿ ಕೇಳಲು ಬಂದವರಿಗೆ ಉತ್ತರ ಕೊಡಬೇಕೆಂದರೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಕೆಮ್ಮಿ, ಕೈ ತೋರಿಸಿ ಕಳಿಸಿದ.

ಹನ್ನೊಂದನೆಯ ವರ್ಷ ಪೆಟ್ರೋಲಿನ ಟ್ಯಾಂಕು ಮಾಡಿದ. ಅದನ್ನು ತಲೆಯ ಮೇಲಿನ ರೆಕ್ಕೆಯಲ್ಲಿ ಕೂರಿಸಬೇಕಿತ್ತು. ಟ್ಯಾಂಕು ಎಂಜಿನ್ನಿಗಿಂತ ಎತ್ತರದಲ್ಲಿದ್ದರೆ ಪಂಪಿನ ಹಂಗಿಲ್ಲ, ಪೆಟ್ರೋಲು ತಾನಾಗಿ ಇಳಿಯುತ್ತದೆ. ಆದರೆ ಪೆಟ್ರೋಲು ಇಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಬರಬೇಕು. ಇಲ್ಲದಿದ್ದರೆ ಟ್ಯಾಂಕು ಪೆಟ್ರೋಲನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಇದು ಮಾನಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಗಾಳಿಗೆಂದೇ ಒಂದು ಸಣ್ಣ ನಳಿಗೆ ಬೆಸೆದು, ಅದರ ಬಾಯಿ ರೆಕ್ಕೆಯ ಕೆಳಗೆ ಬರುವಂತೆ ಬಗ್ಗಿಸಿದ.

ಬೆಸುಗೆ ಸೋರುತ್ತದೆಯೋ ಎಂದು ಪರೀಕ್ಷಿಸಲು ಟ್ಯಾಂಕಿನ ಬಾಯಿಗಳನ್ನೆಲ್ಲ ರಬ್ಬರಿನ ಬಿರಡೆ ಹಾಕಿ ಮುಚ್ಚಿದ. ಒಂದಕ್ಕೆ ಮಾತ್ರ ಊದಿದ ಬಲೂನು ಕಟ್ಟಿದ. ಬೆಸುಗೆಯ ಮೇಲೆ ಸಾಬೂನಿನ ನೊರೆ ಹಚ್ಚಿ ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಮಾರನೆಯ ದಿನ ಬಲೂನು ಹಾಗೇ ಉಬ್ಬಿಕೊಂಡಿತ್ತು. ಅವನಿಗೆ ಬಹಳ ಸಂತೋಷವಾಯಿತು. ಯಾರಿಗಾದರೂ ತೋರಿಸಬೇಕೆನಿಸಿತು. ಅಡುಗೆಮನೆಯ ಕಡೆ ನಾಲ್ಕು ಹೆಜ್ಜೆ ನಡೆದವನು ತಿರುಗಿ ಬಂದ. ಬಿರಡೆಗಳು ಹಾಗೇ ಇರುವಾಗಲೇ ಟ್ಯಾಂಕಿಗೆ ಬೂದಿ ಬಣ್ಣ ಹೊಡೆದ. ಒಣಗಿದ ಮೇಲೆ ಒಂದೊಂದೇ ಬಿರಡೆ ಕಿತ್ತ. ಗಾಳಿಯ ನಳಿಗೆಯ ಬಿರಡೆ ಬಣ್ಣದಲ್ಲಿ ಬಣ್ಣವಾಗಿ ಉಳಿಯಿತು.

ಉಳಿದ ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಪೆಟ್ರೋಲಿನ ಪೈಪನ್ನು ಎಂಜಿನ್ನಿನ ಹೊಗೆ ಕೊಳವೆಯ ಕಾವಿನಿಂದ ದೂರ ಸಾಗಿಸಿದ. ಎಲ್ಲಿಯೂ ಮೇಲಕ್ಕೆ ಹತ್ತಿ ಇಳಿಯದಂತೆ, ಮೊದಲಿನಿಂದ ಕೊನೆಯ ತನಕ ಇಳಿಜಾರಿನಲ್ಲೇ ಇಟ್ಟ. ನೀರು ಬೆರೆತಿದ್ದರೆ ತೆಗೆಯಲು ಎಲ್ಲಕ್ಕಿಂತ ಕೆಳಗೆ ಒಂದು ಸಣ್ಣ ನಲ್ಲಿ ಕೂರಿಸಿದ. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲು ಸುರಿದು, ಒಂದು ಲೀಟರಿನ ಡಬ್ಬಿ ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದ. ಬೇಕಾದ್ದಕ್ಕಿಂತ ಎರಡರಷ್ಟು ಬಂತು. ಅಷ್ಟು ಬಂದದ್ದು, ತೆರೆದ ಮುಚ್ಚಳದಿಂದ ಗಾಳಿ ಒಳಗೆ ಬರುತ್ತಿದ್ದುದರಿಂದ. ಮುಚ್ಚಳ ಹಾಕಿ, ತಳದಲ್ಲಿ ಸ್ವಲ್ಪವೇ ಪೆಟ್ರೋಲಿಟ್ಟು ಎಂಜಿನ್ ಓಡಿಸಿದಾಗಲೂ ತೊಡಕಾಗಲಿಲ್ಲ. ಟ್ಯಾಂಕಿನ ತುಂಬ ಇದ್ದದ್ದು ಗಾಳಿ. ಆ ಗಾಳಿ ಹತ್ತು ನಿಮಿಷಕ್ಕೆ ಸಾಕಾಯಿತು.

ಹಾರಿಸುವುದನ್ನು ಅವನು ದೂರದ ಊರಿನಲ್ಲಿ ಎರಡು ಬೇಸಿಗೆ ಕಲಿತು ಬಂದಿದ್ದ. ಹನ್ನೆರಡನೆಯ ವರ್ಷದ ಒಂದು ಬೆಳಿಗ್ಗೆ ವಿಮಾನವನ್ನು ಬಯಲಿಗೆ ಸಾಗಿಸಿ ರೆಕ್ಕೆ ಜೋಡಿಸಿದ. ಮೊದಲ ಹಾರಾಟಕ್ಕೆ ಪೆಟ್ರೋಲು ಕಡಿಮೆಯಾಗಬಾರದೆಂದು ಟ್ಯಾಂಕನ್ನು ಕಂಠದ ತನಕ ತುಂಬಿದ. ಒಳಗೆ ಗಾಳಿಗೆ ಜಾಗವೇ ಉಳಿಯಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹುಸೇನಸಾಬನಿಗೂ ಹೇಳಿ ಕಳಿಸಲಿಲ್ಲ.

ವಿಮಾನ ಓಡಿತು. ನೆಲ ಬಿಟ್ಟಿತು. ಬಸ್ಸುಗಳ ಶೆಡ್ಡು, ಮನೆಯ ಹಿತ್ತಲು, ಕರೆಂಟಿನ ಕಂಬಗಳು ಎಲ್ಲ ಕೆಳಗೆ ಸಣ್ಣದಾದವು. ಅವನು ಹೊಡೆದ ತಗಡು ಒಂದೂ ಅಲುಗಲಿಲ್ಲ. "ನೋಡಿಲ್ಲಿ," ಎಂದ. ಪಕ್ಕದ ಸೀಟು ಖಾಲಿಯಿತ್ತು.

ಮೂರನೆಯ ನಿಮಿಷಕ್ಕೆ ಎಂಜಿನ್ ಎರಡು ಸಲ ಬಿಕ್ಕಳಿಸಿ ನಿಂತಿತು.

ಗಾಳಿಯ ಸದ್ದೊಂದೇ ಉಳಿಯಿತು. ಮಾನಪ್ಪ ಕಲಿತದ್ದನ್ನು ಮರೆಯಲಿಲ್ಲ. ಮೂತಿ ತಗ್ಗಿಸಿ, ವೇಗ ಉಳಿಸಿಕೊಂಡು, ಕೊಯ್ಲಾದ ಕಡಲೆ ಹೊಲದ ಕಡೆ ತಿರುಗಿಸಿದ. ಚಕ್ರ ಬದುವಿಗೆ ಬಡಿಯಿತು. ಬಲ ರೆಕ್ಕೆ ನೆಲಕ್ಕೆ ಬಿತ್ತು. ಅವನ ಎಡಗಾಲು ಮೊಳಕಾಲಿನ ಕೆಳಗೆ ಮುರಿಯಿತು.

ಹೇಗೋ ತೆವಳಿ ಹೊರಬಂದು ಬದುವಿಗೆ ಒರಗಿ ಕುಳಿತ. ಬಿಸಿಲೇರಿತು. ಯಾರೂ ಬರಲಿಲ್ಲ. ಬರಲು ಯಾರಿಗೂ ಗೊತ್ತಿರಲಿಲ್ಲ. ಏಕೆ ನಿಂತಿತು ಎಂದು ಅವನು ತಲೆಯಲ್ಲೇ ಒಂದೊಂದಾಗಿ ಹುಡುಕಿದ. ಪೈಪು ಸರಿಯಿತ್ತು. ನಲ್ಲಿ ಸರಿಯಿತ್ತು. ಟ್ಯಾಂಕು ತುಂಬಿತ್ತು. ಎಷ್ಟು ಸಲ ಹುಡುಕಿದರೂ ಎಲ್ಲವೂ ಸರಿಯೇ ಇತ್ತು.

ಬಹಳ ಹೊತ್ತಿನ ಮೇಲೆ ಬಾಳವ್ವನೆಂಬ ಕುರಿ ಕಾಯುವ ಮುದುಕಿ ಮಂದೆಯ ಜೊತೆ ಆ ಕಡೆ ಬಂದಳು. ವಿಮಾನ ನೋಡಿದಳು, ಕಾಲು ನೋಡಿದಳು. ಆಚೆ ಹೊಲದಲ್ಲಿದ್ದವರನ್ನು ಕೂಗಿ ಟ್ರ್ಯಾಕ್ಟರ್ ತರಲು ಓಡಿಸಿದಳು. ಕಂಬಳಿಯನ್ನು ಅವನ ತಲೆಯ ಮೇಲೆ ನೆರಳು ಮಾಡಿ ಹಿಡಿದು ಕುಳಿತಳು.

"ಅವರು ಬರೂತನಕಾ ಕಣ್ಣು ಮುಚ್ಚಬ್ಯಾಡಪಾ. ಏನರ ಮಾತಾಡು. ಏನಾತು ಹೇಳು ನನಗ."

"ನಿನಗ ತಿಳಿಯೂದಿಲ್ಲವ್ವ."

"ತಿಳೀದಿದ್ರ ಬಿಡು. ನೀ ಹೇಳು."

ಮಾನಪ್ಪ ಹೇಳತೊಡಗಿದ. "ಟ್ಯಾಂಕು ಬೆಸೆದೆ. ಬಾಯಿಗಳನ್ನೆಲ್ಲಾ ಮುಚ್ಚಿ ಬಲೂನು ಕಟ್ಟಿದೆ. ಸಾಬೂನು ಹಚ್ಚಿದೆ, ಎಲ್ಲೂ ಸೋರಲಿಲ್ಲ. ಬಣ್ಣ ಹೊಡದೆ. ಬಣ್ಣ ಒಣಗಿದ ಮ್ಯಾಲೆ ಬಿರಡಿ ಕಿತ್ತೆ. ಪೈಪಿನ ಕಡೀದು ಕಿತ್ತೆ. ಮುಚ್ಚಳದ ಕಡೀದು ಕಿತ್ತೆ. ಗಾಳಿ ನಳಿಗೀದು..."

ಮಾತು ನಿಂತಿತು.

ಬಾಳವ್ವ ಒಂದು ಕುರಿಯನ್ನು ಗದರಿಸಿ ಮತ್ತೆ ಅವನ ಕಡೆ ತಿರುಗಿದಳು. ಅವನು ನೆಲಕ್ಕೆ ಬಿದ್ದ ರೆಕ್ಕೆಯನ್ನು ತೋರಿಸಿ, ಅದರ ಮೇಲಿನ ಮುಚ್ಚಳವನ್ನು ತಿರುಗಿಸು ಎಂದ. ಅವಳು ಎದ್ದು ಹೋಗಿ ತಿರುಗಿಸಿದಳು. ಟ್ಯಾಂಕು ಸುಯ್ಯೆಂದು ಗಾಳಿಯನ್ನು ಒಳಕ್ಕೆ ಎಳೆದುಕೊಂಡಿತು. ಒಳಗೆ ಕುಗ್ಗಿದ್ದ ತಗಡು ಟಪ್ಪೆಂದು ಹೊರಗೆ ಉಬ್ಬಿತು. ಬಾಳವ್ವ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು.

ಮಾನಪ್ಪ ಅಳತೊಡಗಿದ. ಕಾಲಿನ ನೋವಿಗೆ ಅಳುತ್ತಾನೆಂದು ಅವಳು ತಿಳಿದಳು. ಬೆನ್ನು ಸವರುತ್ತ, ಟ್ರ್ಯಾಕ್ಟರ್ ಈಗ ಬರುತ್ತದೆ, ಈಗ ಬರುತ್ತದೆ ಎಂದು ಹೇಳುತ್ತಲೇ ಇದ್ದಳು. ಅವನು ನೀಲವ್ವನ ಹೆಸರೆತ್ತಿದ. ಏಳು ವರ್ಷದಲ್ಲಿ ಮೊದಲ ಸಲ. ಟ್ರ್ಯಾಕ್ಟರ್ ಬರುವ ತನಕ ಅವನು ಹೇಳುತ್ತಿದ್ದುದು ವಿಮಾನದ ಮಾತಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆ ವಿಮಾನ ಮತ್ತೆ ಹಾರಿತೇ?" ಎಂದು ಕೇಳಿದ ಪರ್ವತಯ್ಯ.

"ಹಾರಿತು. ಕಾಲು ಕೂಡಿದ ಮೇಲೆ ಅವನೇ ಹುಸೇನಸಾಬನಿಗೆ ಹೇಳಿ ಕಳಿಸಿದ. ಮುರಿದ ರೆಕ್ಕೆಯನ್ನು ಇಬ್ಬರೂ ಸೇರಿ ಕಟ್ಟಿದರು."

 ಪರ್ವತಯ್ಯನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆ ಸಂತೋಷದಲ್ಲಿ ಇನ್ನೊಂದು ಪ್ರಶ್ನೆ ಬಾಯಿಗೆ ಬಂದುಬಿಟ್ಟಿತು. "ಹಾಗಾದರೆ ಗುರುಗಳೇ, ನಿಮ್ಮ ದಿನವನ್ನು ನೀವು ಯಾರಿಗೆ ಹೇಳುತ್ತೀರಿ?"

ಗುರುಗಳು ಅಂಗಳದ ಕಡೆ ನೋಡುತ್ತ ಹೇಳಿದರು: "ಕೇಳುತ್ತಿದ್ದವರು ಹೋಗಿ ಬಹಳ ವರ್ಷವಾಯಿತು, ಪರ್ವತಯ್ಯ, ಅಂದಿನಿಂದ ನಾನು ಎಲ್ಲೆಲ್ಲಿ ತಪ್ಪಿದ್ದೇನೆಂದು ನನಗೆ ಗೊತ್ತಿಲ್ಲ."