ಒಲೆಯಾಳಿಗೆ ಬಂದ ಪಟ್ಟ

ಕಣಿಗಲದುರ್ಗದ ಬೀದಿಬೀದಿಯಲ್ಲೂ ಡಂಗುರ ಹೊಡೆದರು: ಅರಸರು ಮಕ್ಕಳಿಲ್ಲದೆ ತೀರಿಕೊಂಡಿದ್ದಾರೆ, ಪಟ್ಟಕ್ಕೆ ಹಕ್ಕುಳ್ಳ ನೆಂಟರೆಲ್ಲ ಬಂದು ಮಂತ್ರಿ ದೇಮರಸರ ಮೂರು ಒಗಟು ಬಿಡಿಸತಕ್ಕದ್ದು, ಬಿಡಿಸಿದವನಿಗೆ ಸಿಂಹಾಸನ, ತಪ್ಪಿದವನಿಗೆ ಶೂಲ, ಬಾರದವನನ್ನು ಹಿಡಿದು ತರಲಾಗುವುದು, ಧೈರ್ಯವಿದ್ದರೆ ಪ್ರಜೆಗಳೂ ಬರಬಹುದು.

ಅರಮನೆಯ ಅಡುಗೆಮನೆಯಲ್ಲಿ ಒಲೆ ಉರಿಸುತ್ತಿದ್ದ ಬೊಮ್ಮಣ ಇದನ್ನು ಕೇಳಿ ಕೈಯಲ್ಲಿದ್ದ ಸೌದೆ ಕೆಳಗಿಟ್ಟ. ಅರಸರ ತಮ್ಮನ ಮಗ ನಾಗರಸ ತಾಯಿಯಿಲ್ಲದ ಕೂಸಾಗಿದ್ದಾಗ, ಬೊಮ್ಮಣನ ತಾಯಿ ಸಾತವ್ವ ಇಬ್ಬರಿಗೂ ಹಾಲೂಡಿಸಿ ಬೆಳೆಸಿದ್ದಳು. ನ್ಯಾಯವಾಗಿ ಪಟ್ಟ ನಾಗರಸನದೇ. ಆದರೆ ಅವನೋ ತೊದಲುಮಾತಿನವನು, ಅಂಜುಬುರುಕ. ವಯಸ್ಸಿನ ಲೆಕ್ಕದಲ್ಲಿ ಅವನ ಸರದಿ ಕೊನೆಯದು.

ಅರಸರ ಅಕ್ಕನ ಮಗ ಮೊದಲ ಒಗಟಿಗೆ ‘ದೇವರು’ ಎಂದು ಹೇಳಿ ಶೂಲಕ್ಕೇರಿದ. ಮರುದಿನ ಒಬ್ಬ ‘ಸಾವು’ ಎಂದ. ಅಡುಗೆಮನೆಯಲ್ಲಿ ದಿನಕ್ಕೊಂದು ಊಟದ ಎಲೆ ಕಡಿಮೆಯಾಗುತ್ತ ಬಂತು. ಐವರು ಹೋದ ಮೇಲೆ ಉಳಿದವನು ನಾಗರಸನೊಬ್ಬನೇ. ತಾನು ಗೆದ್ದು ಪಟ್ಟವನ್ನು ಅವನಿಗೇ ಬಿಟ್ಟುಕೊಟ್ಟರಾಯಿತು ಎಂದುಕೊಂಡ ಬೊಮ್ಮಣ ಮಸಿಗೈ ಒರೆಸಿಕೊಂಡು ಆಸ್ಥಾನಕ್ಕೆ ನಡೆದ. ಜನ ನಕ್ಕರು.

“ಅರಸನೂ ಆಳೂ ಒಂದೇ ಸಮನೆ ತಲೆಬಾಗುವುದು ಯಾವುದಕ್ಕೆ?” ಎಂದು ದೇಮರಸ ಕೇಳಿದ.

“ಗುಡಿಸಲ ಬಾಗಿಲಿಗೆ, ಬುದ್ಧಿ. ತಲೆಯೆತ್ತಿ ಬಂದವನು ಯಾರೇ ಆದರೂ ಹಣೆ ಒಡೆಯುತ್ತದೆ.”

ಅರಮನೆಯ ಪ್ರತಿ ಊಟವನ್ನೂ ಎಲ್ಲರಿಗಿಂತ ಮೊದಲು ಮುಟ್ಟಿಯೂ ಒಂದರ ರುಚಿಯನ್ನೂ ಅರಿಯದ್ದು ಯಾವುದು ಎಂಬುದು ಎರಡನೆಯದು. ಬೊಮ್ಮಣ ‘ಸೌಟು’ ಎಂದ. ಅದನ್ನು ದಿನವೂ ತೊಳೆಯುವವನು ಅವನೇ.

“ಬರಿದಾಗಿದ್ದಾಗ ಹಲವರನ್ನು ಕೊಲ್ಲುತ್ತದೆ, ತುಂಬಿದಾಗ ಒಬ್ಬನನ್ನು. ಏನದು?”

ಬೊಮ್ಮಣ ಮಂತ್ರಿಯ ಹಿಂದೆ ಕಣ್ಣು ಹಾಯಿಸಿದ. “ನಿಮ್ಮ ಬೆನ್ನ ಹಿಂದಿನ ಸಿಂಹಾಸನ. ಅದು ಬರಿದಾಗಿದ್ದಕ್ಕೇ ಐವರು ಸತ್ತರು. ತುಂಬಿದಾಗ ಸಾಯುವವನು ಅದರಲ್ಲಿ ಕೂತವನೇ ಇರಬೇಕು.”

ದೇಮರಸ ಒಪ್ಪಿಕೊಂಡು ಕೈ ಎತ್ತಿದ. ನಗಾರಿ ಮೊಳಗಿತು. ಕಿರೀಟ ತಲೆಗೇರುತ್ತಲೇ ಬೊಮ್ಮಣ, ನಾಗರಸನನ್ನು ಕರೆತನ್ನಿ, ಪಟ್ಟ ಅವನದು ಎಂದು ಅಪ್ಪಣೆ ಮಾಡಿದ. ಯಾರೂ ಕದಲಲಿಲ್ಲ.

“ಸಾಯುವವನು ಕೂತವನಲ್ಲ, ಮಹಾಸ್ವಾಮಿ, ಕೂರಬೇಕಾಗಿದ್ದವನು,” ಎಂದ ದೇಮರಸ ಮೆಲ್ಲಗೆ. “ಪಟ್ಟ ತುಂಬಿದ ಮೇಲೆ ಇನ್ನೊಬ್ಬ ಹಕ್ಕುದಾರ ಉಳಿಯಬಾರದು, ಈ ಮನೆತನದ ಕಟ್ಟಳೆ. ನಗಾರಿ ಮೊಳಗುವಾಗಲೇ ಆ ಕೆಲಸ ಮುಗಿಯಿತು. ಹಿಂದುಮುಂದಿಲ್ಲದ ಅರಸ ನಮಗೂ ಅನುಕೂಲ.”

ಬೊಮ್ಮಣನ ಕೊರಳಿಗೆ ಮುತ್ತಿನ ಹಾರ ಹಾಕಿದರು, ಜನ ಜಯಕಾರ ಕೂಗಿದರು.

ಮರುದಿನ ತಾಯಿಯನ್ನು ಕರೆತರಲು ಪಲ್ಲಕ್ಕಿ ಕಳಿಸಿದ. ಅದು ಬರಿದೇ ಮರಳಿತು. ಮುದುಕಿ ಹೇಳಿ ಕಳಿಸಿದ್ದನ್ನು ಬೋಯಿಗಳು ನೆಲ ನೋಡುತ್ತ ಒಪ್ಪಿಸಿದರು:

“ನನಗೆ ಇಬ್ಬರು ಮಕ್ಕಳಿದ್ದರು. ನಿನ್ನೆ ಇಬ್ಬರೂ ಹೋದರು.”