ಒಂದೇ ಒಲೆಯವರು

“ಗುರುಗಳೇ, ಗ್ರಾಹಕ ಎಂದರೆ ಯಾರು?” ಎಂದು ಶಿಷ್ಯ ಕೇಳಿದ. ಅವನು ಕಾನೂನು ಓದಿ ಮಠಕ್ಕೆ ಬಂದವನು. “ಒಂದೇ ಅಂಗಡಿಯಲ್ಲಿ ಒಂದೇ ವಸ್ತುವನ್ನು ಕೊಂಡ ಇಬ್ಬರಲ್ಲಿ ಒಬ್ಬನನ್ನು ಕಾನೂನು ಗ್ರಾಹಕ ಎನ್ನುತ್ತದೆ, ಇನ್ನೊಬ್ಬನನ್ನು ಅಲ್ಲ ಎನ್ನುತ್ತದೆ. ಗೆರೆ ಎಳೆಯುವುದು ಎಲ್ಲಿ?”

ಗುರು ಹೇಳಿದರು:

ಒಂದೂರಿನಲ್ಲಿ ಕಲ್ಲವ್ವ ಎಂಬ ಹೆಂಗಸಿದ್ದಳು. ಗಂಡ ತೀರಿಹೋದ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುತ್ತಿದ್ದಳು. ಕೆಲಸ ಹೆಚ್ಚಾದಾಗ ದುರ್ಗವ್ವ ಎಂಬವಳನ್ನು ಕೂಲಿಗೆ ಕರೆದುಕೊಂಡಳು. ದುರ್ಗವ್ವನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ದೂರದ ನೆಂಟರ ಮನೆಯಲ್ಲಿ, ದುಡಿದದ್ದನ್ನು ಅವರ ಕೈಗಿಟ್ಟು ಇದ್ದಳು. ಇಬ್ಬರೂ ಒಂದೇ ಒಲೆಯ ಮುಂದೆ ಕುಳಿತು ಬಡಿಯುತ್ತಿದ್ದರು. ಮೊದಲ ರೊಟ್ಟಿಯನ್ನು ಮುರಿದು ಹಂಚಿಕೊಂಡು ತಿನ್ನುತ್ತಿದ್ದರು.

ಮಣಿಕಟ್ಟು ಸೋತಾಗ ಕಲ್ಲವ್ವ ಪೇಟೆಯ ವರ್ತಕನಿಂದ ಹಿಟ್ಟು ನಾದುವ ಯಂತ್ರ ಕೊಂಡು ತಂದಳು. ಗುಂಡಿ ಒತ್ತಿ ನಿಲ್ಲಿಸಿದರೂ ಅದು ಒಮ್ಮೊಮ್ಮೆ ತಾನಾಗಿ ತಿರುಗುತ್ತಿತ್ತು. ಹೋಗಿ ದೂರಿದಳು. “ಹೊಸ ಎತ್ತಿನ ಹಾಗೆ ತಾಯಿ, ಪಳಗುತ್ತದೆ” ಎಂದು ವರ್ತಕ ನಕ್ಕ. ಒಂದು ಬೆಳಗ್ಗೆ, ನಿಂತ ಯಂತ್ರದೊಳಗಿನ ಹಿಟ್ಟು ತೆಗೆಯಲು ದುರ್ಗವ್ವ ಕೈ ಹಾಕಿದಳು. ಯಂತ್ರ ತಿರುಗಿತು. ಬಲಗೈಯ ಬೆರಳುಗಳು ಹೋದವು.

ಕಲ್ಲವ್ವ ಸುಮ್ಮನೆ ಕೂರಲಿಲ್ಲ. ಗ್ರಾಹಕರ ನ್ಯಾಯಾಲಯಕ್ಕೆ ಹೋದಳು. ಅಲ್ಲಿ ವರ್ತಕ, “ಇವಳು ಆಳಿಟ್ಟು ವ್ಯಾಪಾರ ಮಾಡುವವಳು. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ” ಎಂದ.

ಕಲ್ಲವ್ವನ ವಕೀಲ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ: “ಹೊಟ್ಟೆಪಾಡಿಗೆ ತಾನೇ ದುಡಿಯುವವಳು ಕೊಂಡರೆ ಅವಳು ಗ್ರಾಹಕಳೇ. ಮನೆಯವರು ಕೈಜೋಡಿಸಿದರೆ ಅಡ್ಡಿಯಿಲ್ಲ. ಕೊಂಡವಳ ಒಪ್ಪಿಗೆಯಿಂದ ಬಳಸಿದವಳಿಗೂ ಆ ಹಕ್ಕುಂಟು. ಆದರೆ ಕೂಲಿಯಾಳು ಎಂದೆಯೋ, ಕೆಲಸ ಕೆಟ್ಟಿತು. ದುರ್ಗವ್ವ ನಿನಗೆ ಏನಾಗಬೇಕು?”

ಕಲ್ಲವ್ವ ದುರ್ಗವ್ವನ ಕಡೆ ತಿರುಗಿ ನೋಡಿದಳು. ಆಮೇಲೆ ನ್ಯಾಯಾಧೀಶರ ಮುಂದೆ ನಿಂತು, “ಅವಳು ನನ್ನ ತಂಗಿ. ನಾವಿಬ್ಬರೂ ಒಂದೇ ಒಲೆಯವರು” ಎಂದಳು. ಹೇಳುವಾಗ ಅವಳ ದನಿ ಒಡೆಯಿತು. ಹಿಂದೆ ಕುಳಿತಿದ್ದ ದುರ್ಗವ್ವ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಅತ್ತಳು. ನ್ಯಾಯಾಧೀಶರು ನಂಬಿದರು. ವರ್ತಕ ಪರಿಹಾರ ಕೊಡಬೇಕಾಯಿತು.

ಕಲ್ಲವ್ವ ಅದನ್ನೆಲ್ಲ ದುರ್ಗವ್ವನಿಗೇ ಕೊಟ್ಟಳು. ತನಗೆಂದು ಏನನ್ನೂ ಇಟ್ಟುಕೊಳ್ಳಲಿಲ್ಲ. ಅಂದು ಅವಳಿಗೆ ಹೆಗಲ ಮೇಲಿನ ಭಾರ ಇಳಿದಂತಾಯಿತು.

ಪರಿಹಾರವನ್ನು ನೆಂಟರು ತಿಂದು ಮುಗಿಸಿದರು. ದುಡಿಯಲಾರದವಳಿಗೆ ಆ ಮನೆಯಲ್ಲಿ ಅನ್ನ ಹುಟ್ಟದಾಯಿತು. ಒಂದು ಸಂಜೆ ದುರ್ಗವ್ವ ಬಟ್ಟೆಯ ಗಂಟು ಹಿಡಿದು ಕಲ್ಲವ್ವನ ಬಾಗಿಲಿಗೆ ಬಂದಳು.

“ಅಕ್ಕಾ, ಇಲ್ಲೇ ಇರೋಣವೆಂದು ಬಂದೆ. ಒಲೆಗೆ ಉರಿ ಹಾಕುತ್ತೇನೆ. ಎಡಗೈಯಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡುತ್ತೇನೆ.”

ಒಲೆಯ ಮುಂದೆ ಆಗಲೇ ಬೇರೊಬ್ಬಳು ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಕಲ್ಲವ್ವ ದುರ್ಗವ್ವನ ಬಲಗೈಯನ್ನು ನೋಡಿದಳು. ಇದು ಒಂದು ದಿನದ ಮಾತಲ್ಲ, ಬದುಕಿರುವಷ್ಟು ಕಾಲ ಸಾಕಬೇಕು ಎನಿಸಿತು. ತನಗೇ ಅರಿವಿಲ್ಲದೆ ಬಾಗಿಲಿಗೆ ಅಡ್ಡ ನಿಂತಳು.

“ನಿನ್ನದನ್ನು ನಿನಗೆ ಕೊಟ್ಟಿದ್ದೇನಲ್ಲ ದುರ್ಗವ್ವ?”

“ಕೊಟ್ಟಿದ್ದೀ ಅಕ್ಕಾ. ನಾನು ಅದಕ್ಕೆ ಬಂದಿಲ್ಲ. ಅಷ್ಟು ಜನರೆದುರು ನೀನು ನನ್ನನ್ನು ತಂಗಿ ಎಂದೆ. ಅದುವರೆಗೆ ಯಾರೂ ಹಾಗೆ ಅಂದಿರಲಿಲ್ಲ.”

“ಅದು ಕೋರ್ಟಿನ ಮಾತು ತಾಯಿ.”

ದುರ್ಗವ್ವ ತಲೆಯಾಡಿಸಿದಳು. ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಬಂದ ದಾರಿಯಲ್ಲೇ ಹೊರಟಳು. ಅವಳು ತಿರುವು ದಾಟುವವರೆಗೂ ಕಲ್ಲವ್ವ ನೋಡುತ್ತ ನಿಂತಳು. ಕರೆಯಲೆಂದು ಬಾಯಿ ತೆರೆದಳು, ಕರೆಯಲಿಲ್ಲ. ಮರುದಿನ ಮನಸ್ಸು ತಡೆಯದೆ ಹುಡುಕಲು ಹೋದಳು. ನೆಂಟರಿಗೂ ಗೊತ್ತಿರಲಿಲ್ಲ. ಆ ಊರಿನಲ್ಲಿ ದುರ್ಗವ್ವನನ್ನು ಮತ್ತೆ ಯಾರೂ ಕಾಣಲಿಲ್ಲ.

ಗುರು ಕತೆ ನಿಲ್ಲಿಸಿದರು.

“ಹಾಗಾದರೆ ನ್ಯಾಯಾಲಯದಲ್ಲಿ ಅವಳು ಸುಳ್ಳು ಹೇಳಿದ್ದೇ ತಪ್ಪಾಯಿತು, ಅಲ್ಲವೇ ಗುರುಗಳೇ?” ಎಂದು ಶಿಷ್ಯ ಕೇಳಿದ.

“ಅಲ್ಲಿ ಅದು ಇನ್ನೂ ಸುಳ್ಳಾಗಿರಲಿಲ್ಲ ಮಗು, ಸುಳ್ಳಾದದ್ದು ಬಾಗಿಲಲ್ಲಿ.”